ಕರುಳಿನ ಉರಿಗೆ ನೆತ್ತರಿನ ಸಾಕ್ಷಿ

ಕನ್ನಡದಲ್ಲಿ ಕರುಳಿಗೆ ದೊರೆತಿರುವಷ್ಟು ಮರ್ಯಾದೆ ಶರೀರದ ಬೇರೆ ಅಂಗಗಳಿಗೆ ದೊರೆತಂತೆ ಕಾಣುವುದಿಲ್ಲ. ತಾಯಿಯನ್ನು ಹೆತ್ತ ಕರುಳು ಎನ್ನುತ್ತೇವೆ. ಮಗುವನ್ನು ಕರುಳಿನ ಕುಡಿ ಎನ್ನುತ್ತೇವೆ. ಪರರ ದುಃಖವನ್ನು ಕಂಡಾಗ ಕರುಳು ಚುರುಕ್ಕೆನ್ನುತ್ತದೆ. ಮರುಕವಿಲ್ಲದವನಿಗೆ ಕರುಳೇ ಇಲ್ಲವೆಂದು ಬಯ್ಯುತ್ತೇವೆ. ವಾತ್ಸಲ್ಯಕ್ಕೂ ಅನುಕಂಪಕ್ಕೂ ಕರುಳನ್ನೇ ಮನೆಮಾಡಿಕೊಟ್ಟಿರುವ ನಾವು, ಆ ಕರುಳಿಗೇ ಬೇನೆ ಬಂದಾಗ ಮಾತ್ರ ಬಾಯಿ ಮುಚ್ಚಿಕೊಳ್ಳುತ್ತೇವೆ. ಎದೆನೋವನ್ನು ಹತ್ತು ಜನರೆದುರಿಗೆ ಹೇಳಿಕೊಳ್ಳುವವರು, ದಿನಕ್ಕೆ ಎಂಟು ಬಾರಿ ಹೊರಕಡೆಗೆ ಓಡಬೇಕಾಗಿದೆ, ಮಲದಲ್ಲಿ ರಕ್ತ ಬೀಳುತ್ತಿದೆ ಎಂಬುದನ್ನು ಮನೆಯವರೆದುರಿಗೂ ಹೇಳಲಾರರು. ಹೆಂಗಸರಂತೂ ವರ್ಷಗಟ್ಟಲೆ ನುಂಗಿಕೊಂಡಿರುತ್ತಾರೆ.

ನಾನು ವೈದ್ಯ ವೃತ್ತಿಯವನು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಜನರನ್ನು ಬಹುಕಾಲದಿಂದ ಬಲ್ಲವನು. ಕರುಳಿನ ದೀರ್ಘಕಾಲದ ಉರಿಯೂತವೆಂಬ ವ್ಯಾಧಿ ಎಂಥದು, ಅದರ ಏರಿಳಿತವನ್ನು ಒಂದು ತೊಟ್ಟು ನೆತ್ತರಿನಿಂದ ಎಷ್ಟರಮಟ್ಟಿಗೆ ತಿಳಿಯಬಹುದು, ಎಷ್ಟರಮಟ್ಟಿಗೆ ತಿಳಿಯಲಾಗದು ಎಂಬುದನ್ನು ಇಂದು ತಮ್ಮೊಡನೆ ವಿಚಾರಮಾಡಬೇಕೆಂದಿದ್ದೇನೆ.

ಮೊದಲು ಉರಿಯೂತವೆಂದರೇನೆಂಬುದನ್ನು ನೋಡೋಣ. ಕಾಲಿಗೆ ಜಾಲಿಯ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯುತ್ತದೆ. ಶರೀರದ ಕಾವಲುಪಡೆ ಅಲ್ಲಿಗೆ ಧಾವಿಸಿ ಬಂದುದರ ಗುರುತು ಅದು. ಮುಳ್ಳು ಹೊರಬಿದ್ದ ಮೇಲೆ ಪಡೆ ಹಿಂತಿರುಗುತ್ತದೆ, ಊತ ಇಳಿಯುತ್ತದೆ. ನಾನು ಹೇಳಹೊರಟಿರುವ ವ್ಯಾಧಿಯಲ್ಲಿ ಯಾವುದೋ ಕಾಣದ ನೆವದಿಂದ ಈ ಪಡೆ ಕರುಳಿನ ಗೋಡೆಗೇ ಮುತ್ತಿಗೆ ಹಾಕುತ್ತದೆ; ಹಾಕಿದ ಮುತ್ತಿಗೆಯನ್ನು ತೆಗೆಯುವುದಿಲ್ಲ. ವಂಶದಿಂದ ಬಂದ ಪ್ರವೃತ್ತಿ, ಕರುಳಿನಲ್ಲಿ ಸದಾ ಇರುವ ಸೂಕ್ಷ್ಮಜೀವಿಗಳು, ಬದಲಾದ ಆಹಾರ ವಿಹಾರ ಇವೆಲ್ಲ ಸೇರಿ ಇದು ಹುಟ್ಟುತ್ತದೆಂದು ತಿಳಿದವರ ಅಭಿಪ್ರಾಯ.

ಇದರಲ್ಲಿ ಎರಡು ಮುಖ್ಯ ಬಗೆಗಳುಂಟು. ಒಂದಕ್ಕೆ ಅಲ್ಸರೇಟಿವ್ ಕೊಲೈಟಿಸ್ ಎಂದು ಹೆಸರು. ಇದು ದೊಡ್ಡ ಕರುಳಿನ ಒಳಪದರವನ್ನು ಹಿಡಿದು ಕೆಳಗಿನಿಂದ ಮೇಲಕ್ಕೆ ಹಬ್ಬುವ ಹುಣ್ಣು. ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ವಿಲ್ಕ್ಸ್ 1859ರಲ್ಲಿ ಇದನ್ನು ವರ್ಣಿಸಿದರು. ಇನ್ನೊಂದು ಕ್ರೋನ್ಸ್ ಕಾಯಿಲೆ. ನ್ಯೂಯಾರ್ಕಿನ ಬರಿಲ್ ಕ್ರೋನ್ ಅವರು ಗಿನ್ಸ್‌ಬರ್ಗ್ ಮತ್ತು ಓಪನ್‌ಹೈಮರ್ ಎಂಬ ಸಹೋದ್ಯೋಗಿಗಳೊಡನೆ 1932ರಲ್ಲಿ ಇದರ ವಿಷಯವಾಗಿ ಬರೆದರು. ಇದು ಬಾಯಿಂದ ಗುದದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು; ಸಣ್ಣ ಕರುಳಿನ ಕೊನೆಯ ಭಾಗ ಇದಕ್ಕೆ ಪ್ರಿಯವಾದ ನೆಲೆ; ಗೋಡೆಯ ಎಲ್ಲ ಪದರಗಳನ್ನೂ ತೂರಬಲ್ಲದು. ಬಹುಕಾಲ ಇವೆರಡನ್ನೂ ಸಿರಿವಂತ ಪಾಶ್ಚಾತ್ಯರ ರೋಗಗಳೆಂದು ನಮ್ಮಲ್ಲಿ ಬದಿಗಿಟ್ಟಿದ್ದರು. ಪಂಜಾಬಿನಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯೊಂದು 2003ರಲ್ಲಿ ಪ್ರಕಟವಾದಾಗ, ಲಕ್ಷ ಜನಕ್ಕೆ ಸುಮಾರು 44 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇರುವುದು ತಿಳಿದುಬಂತು. ರೋಗ ನಮ್ಮ ನಡುವೆಯೇ ಇದ್ದಿತು. ಅದನ್ನು ಹೆಸರಿಟ್ಟು ಕರೆಯುವವರು ಕಡಮೆಯಾಗಿದ್ದರು.

ಚಳ್ಳಕೆರೆ ಮತ್ತು ಮೊಳಕಾಲ್ಮೂರು ಚಿತ್ರದುರ್ಗ ಜಿಲ್ಲೆಯಲ್ಲಿ ಆಂಧ್ರದ ಗಡಿಗೆ ತಾಗಿಕೊಂಡಿರುವ ಮಳೆ ಕಡಮೆಯ ತಾಲ್ಲೂಕುಗಳು. ಚಳ್ಳಕೆರೆ ಕಡಲೆಕಾಯಿ ಎಣ್ಣೆಯ ಗಿರಣಿಗಳಿಗೂ ಕುರಿಯುಣ್ಣೆಯ ಕಂಬಳಿಗಳಿಗೂ ಹೆಸರಾದ ಊರು. ಮೊಳಕಾಲ್ಮೂರು ರೇಷ್ಮೆ ಸೀರೆಯ ಊರು. ಇಲ್ಲಿ ಒಬ್ಬ ನೇಕಾರನಿಗೆ ಭೇದಿ ಹತ್ತಿ, ರಕ್ತ ಬೀಳಲು ತೊಡಗಿತೆನ್ನಿ. ಮೊದಲು ಅವನು ಉಷ್ಣವಾಗಿದೆಯೆಂದು ಮಜ್ಜಿಗೆ ಕುಡಿಯುತ್ತಾನೆ. ಅನಂತರ ಮೂಲವ್ಯಾಧಿಯೆಂದು ಯಾರೋ ಹೇಳಿದ ಔಷಧ ಮಾಡುತ್ತಾನೆ. ಆಮೇಲೆ ಆಮಶಂಕೆಯೆಂದು ಅಂಗಡಿಯ ಗುಳಿಗೆ ನುಂಗುತ್ತಾನೆ. ಬಿಸಿಲಿನಲ್ಲಿ ಬೆಂದು, ಸಿಕ್ಕ ನೀರು ಕುಡಿಯುವ ನಾಡಿನಲ್ಲಿ ಈ ಊಹೆಗಳಲ್ಲಿ ಯಾವುದೂ ಅಸಂಬದ್ಧವಲ್ಲ. ಹತ್ತರಲ್ಲಿ ಒಂಬತ್ತು ಬಾರಿ ಅವೇ ಸರಿಯಿದ್ದೀತು. ಆದರೆ ತಿಂಗಳು ಕಳೆದರೂ ನಿಲ್ಲದ ಭೇದಿ, ಅದರೊಡನೆ ತೂಕ ಇಳಿಯುವುದು, ರಾತ್ರಿ ನಿದ್ರೆಯಿಂದ ಎಬ್ಬಿಸುವ ಹೊಟ್ಟೆನೋವು, ಕೀಲುಗಳ ನೋವು, ಬಿಟ್ಟುಬಿಟ್ಟು ಬರುವ ಜ್ವರ ಇವು ಕಂಡಾಗ ಹತ್ತನೆಯ ಸಾಧ್ಯತೆಯನ್ನು ನೆನೆಯಲೇಬೇಕು. ಗಂಟೆಗೆರಡು ಬಾರಿ ಎದ್ದು ಹೋಗುವವನ ಮಗ್ಗದಲ್ಲಿ ಸೀರೆ ಮುಗಿಯುವುದಿಲ್ಲ. ಸೀರೆ ಮುಗಿಯದ ಮನೆಗೆ ಕೂಲಿ ಬರುವುದಿಲ್ಲ.

ಈ ವ್ಯಾಧಿಯ ಇನ್ನೊಂದು ಗುಣವೆಂದರೆ ಅದು ಏಕರೀತಿಯಾಗಿ ಇರುವುದಿಲ್ಲ. ಕೆಲವು ತಿಂಗಳು ಉಲ್ಬಣಿಸುತ್ತದೆ. ಔಷಧಿಯಿಂದ, ಕೆಲವೊಮ್ಮೆ ತಾನಾಗಿಯೇ, ಅಡಗುತ್ತದೆ. ಅಡಗಿದಾಗ ರೋಗಿ ತಾನು ಗುಣವಾದೆನೆಂದು ತಿಳಿಯುತ್ತಾನೆ. ಆದರೆ ಹೊಟ್ಟೆ ಸುಮ್ಮನಿರುವುದೂ ಕರುಳಿನ ಗೋಡೆ ಮಾಗಿರುವುದೂ ಒಂದೇ ಆಗಬೇಕಾಗಿಲ್ಲ. ಬೂದಿ ಮುಚ್ಚಿದ ಕೆಂಡವೆಂಬ ಮಾತು ಈ ಸ್ಥಿತಿಗೆ ಚೆನ್ನಾಗಿ ಒಪ್ಪುತ್ತದೆ. ಮೇಲೆ ತಣ್ಣಗಿದ್ದು ಒಳಗೆ ಉರಿಯುತ್ತಿದ್ದರೆ, ಕ್ರೋನ್ಸ್ ಕಾಯಿಲೆಯಲ್ಲಿ ಕರುಳು ಕಿರಿದಾಗಿ ಕಟ್ಟಿಕೊಳ್ಳಬಹುದು, ಅಥವಾ ತೂತುಬಿದ್ದು ಕೀವು ತುಂಬಬಹುದು. ದೊಡ್ಡ ಕರುಳಿನ ಬಹುಭಾಗವನ್ನು ಹಿಡಿದ ಹುಣ್ಣು ಬಹುಕಾಲ ಮಾಗದಿದ್ದರೆ ಮುಂದೆ ಕ್ಯಾನ್ಸರಿನ ಭಯವೂ ಉಂಟು.

ಹಾಗಾದರೆ ಒಳಗೆ ಕೆಂಡವಿದೆಯೆ ಇಲ್ಲವೆ ಎಂದು ತಿಳಿಯುವುದು ಹೇಗೆ? ನೇರವಾದ ದಾರಿ ಕೊಲೊನೋಸ್ಕೋಪಿ. ಕ್ಯಾಮೆರಾ ಇರುವ ಬಳುಕುವ ಕೊಳವೆಯನ್ನು ಕರುಳಿನೊಳಕ್ಕೆ ಬಿಟ್ಟು ನೋಡುವುದು. ಆದರೆ ಅದಕ್ಕಾಗಿ ಮೊಳಕಾಲ್ಮೂರಿನವನು ಬಳ್ಳಾರಿಗೋ ದಾವಣಗೆರೆಗೋ ಬೆಂಗಳೂರಿಗೋ ಹೋಗಬೇಕು. ಹಿಂದಿನ ದಿನವೆಲ್ಲ ಬೇಧಿಗೆ ತೆಗೆದುಕೊಂಡು ಕರುಳನ್ನು ತೊಳೆದುಕೊಳ್ಳಬೇಕು, ಜೊತೆಗೊಬ್ಬರು ಬೇಕು, ಎರಡು ಮೂರು ದಿನದ ದುಡಿಮೆ ಹೋಗುತ್ತದೆ. ರೋಗವನ್ನು ಗುರುತಿಸುವಾಗ ಇದು ಅನಿವಾರ್ಯ. ಎರಡು ತಿಂಗಳಿಗೊಮ್ಮೆ ಇದನ್ನು ಮಾಡಿಸಲು ಸಿರಿವಂತನಿಗೂ ಸಾಧ್ಯವಾಗದು. ಈ ಎರಡು ನೋಟಗಳ ನಡುವಣ ಕಾಲದಲ್ಲಿ ನೆರವಿಗೆ ಬರುವುದು ರಕ್ತ ಪರೀಕ್ಷೆ. ಕೆಲವು ನೂರು ರೂಪಾಯಿಗಳಲ್ಲಿ, ತಾಲ್ಲೂಕು ಕೇಂದ್ರದಲ್ಲಿಯೇ, ಒಂದು ಬೆಳಗಿನಲ್ಲಿ ಆಗುವ ಕೆಲಸ ಅದು.

ಕರುಳಿನಲ್ಲಿ ನಡೆಯುವುದು ರಕ್ತಕ್ಕೆ ಹೇಗೆ ಗೊತ್ತಾಗುತ್ತದೆಂದು ತಾವು ಕೇಳಬಹುದು. ಕರುಳಿನ ಗೋಡೆಯಲ್ಲಿ ಜಮಾಯಿಸಿದ ಬಿಳಿಯ ರಕ್ತಕಣಗಳು ಕೆಲವು ಸಂದೇಶದ ದ್ರವ್ಯಗಳನ್ನು ರಕ್ತಪ್ರವಾಹಕ್ಕೆ ಬಿಡುತ್ತವೆ. ಅವುಗಳಲ್ಲಿ ಮುಖ್ಯವಾದುದು ಇಂಟರ್‌ಲ್ಯೂಕಿನ್-6. ಈ ಓಲೆ ಯಕೃತ್ತಿಗೆ ತಲಪಿದೊಡನೆ ಅಲ್ಲಿನ ಕಾರ್ಖಾನೆಯ ಕ್ರಮವೇ ಬದಲಾಗುತ್ತದೆ. ಶಾಂತಿಕಾಲದ ಸರಕಾದ ಅಲ್ಬುಮಿನ್ ಎಂಬ ಸಸಾರಜನಕದ ತಯಾರಿಕೆ ಇಳಿಯುತ್ತದೆ. ಯುದ್ಧಕಾಲದ ಸರಕುಗಳಾದ ಸಿ-ರಿಯಾಕ್ಟಿವ್ ಪ್ರೋಟೀನ್, ಫೈಬ್ರಿನೋಜನ್ ಮುಂತಾದವುಗಳ ತಯಾರಿಕೆ ಏರುತ್ತದೆ. ನಾವು ಅಳೆಯುವುದು ಈ ಸರಕುಗಳ ಏರಿಳಿತವನ್ನು. ಕರುಳನ್ನು ನಾವು ಕಂಡಂತಾಗಲಿಲ್ಲ. ಕರುಳು ಬರೆದ ಓಲೆಗೆ ಯಕೃತ್ತು ಕೊಟ್ಟ ಉತ್ತರವನ್ನು ಓದಿದಂತಾಯಿತು. ಈ ಭೇದವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಈ ಪರೀಕ್ಷೆಗಳಲ್ಲಿ ಹಿರಿಯದು ಇ.ಎಸ್.ಆರ್. ರಕ್ತಕ್ಕೆ ಹೆಪ್ಪುಗಟ್ಟದಂತೆ ಸಿಟ್ರೇಟ್ ದ್ರಾವಣವನ್ನು ಬೆರಸಿ, ಸಣ್ಣನೆಯ ಉದ್ದವಾದ ಗಾಜಿನ ಕೊಳವೆಯಲ್ಲಿ ತುಂಬಿ ನೆಟ್ಟಗೆ ನಿಲ್ಲಿಸುತ್ತಾರೆ. ಒಂದು ಗಂಟೆಯಲ್ಲಿ ಕೆಂಪು ಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದವೆಂದು ನೋಡುತ್ತಾರೆ. ಚಳ್ಳಕೆರೆಯವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಗಿರಣಿಯಿಂದ ಬಂದ ಹೊಸ ಎಣ್ಣೆಯನ್ನು ಅಲುಗಿಸದೆ ಇಟ್ಟರೆ ಗಷ್ಟು ತಳಕ್ಕಿಳಿದು ತಿಳಿ ಮೇಲೆ ನಿಲ್ಲುತ್ತದೆ; ಗಷ್ಟಿನ ಕಣ ದಪ್ಪವಾದಷ್ಟೂ ಬೇಗ ಇಳಿಯುತ್ತದೆ. ರಕ್ತದ ಕೆಂಪು ಕಣಗಳು ಸಾಮಾನ್ಯವಾಗಿ ಒಂದನ್ನೊಂದು ದೂರ ತಳ್ಳುತ್ತ ಬಿಡಿಬಿಡಿಯಾಗಿರುತ್ತವೆ. ಉರಿಯೂತದಲ್ಲಿ ಫೈಬ್ರಿನೋಜನ್ ಹೆಚ್ಚಿದಾಗ ಅವು ನಾಣ್ಯಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಅಂಟಿಕೊಂಡು, ಭಾರವಾಗಿ, ಬೇಗ ಇಳಿಯುತ್ತವೆ. ಪೋಲೆಂಡಿನ ಬೀರ್ನಾಟ್ಸ್ಕಿ 1897ರಲ್ಲಿ ಇದನ್ನು ಗಮನಿಸಿದ್ದರು. ಸ್ವೀಡನ್ನಿನ ಫೊರೇಯುಸ್ 1918ರಲ್ಲಿ ಗರ್ಭಿಣಿಯರ ರಕ್ತದಲ್ಲಿ ಕಂಡು ಇದರ ಮೇಲೆ ಬರೆದರು. ಅದೇ ದೇಶದ ವೆಸ್ಟರ್‌ಗ್ರೆನ್ 1921ರಲ್ಲಿ ಅಳತೆಯ ಕ್ರಮವನ್ನು ನೇರ್ಪುಗೊಳಿಸಿದರು. ವೆಸ್ಟರ್‌ಗ್ರೆನ್ನರ ಹೆಸರು ಇಂದಿಗೂ ಪ್ರಯೋಗಶಾಲೆಯ ಚೀಟಿಯ ಮೇಲೆ ಅಚ್ಚಾಗಿ ಬರುತ್ತದೆ.

ಕರುಳಿನ ವ್ಯಾಧಿಯಲ್ಲಿಯೂ ಈ ಪರೀಕ್ಷೆಗೆ ಒಂದು ಹಳೆಯ ಸ್ಥಾನವುಂಟು. ಆಕ್ಸ್‌ಫರ್ಡಿನ ಟ್ರೂಲವ್ ಮತ್ತು ವಿಟ್ಸ್ ಎಂಬುವರು 1955ರಲ್ಲಿ, ಅಲ್ಸರೇಟಿವ್ ಕೊಲೈಟಿಸಿಗೆ ಕಾರ್ಟಿಸೋನ್ ಔಷಧಿಯನ್ನು ಕೊಟ್ಟು ನೋಡಿದ ಪ್ರಯೋಗವನ್ನು ಪ್ರಕಟಿಸಿದರು. ರೋಗ ತೀವ್ರವೆಂದು ಕರೆಯಲು ಅವರು ಕೆಲವು ಲಕ್ಷಣಗಳನ್ನು ಗೊತ್ತುಮಾಡಿದ್ದರು: ದಿನಕ್ಕೆ ಆರು ಅಥವಾ ಹೆಚ್ಚು ಬಾರಿ ರಕ್ತಭೇದಿ, ಜ್ವರ, ಮಿನಿಟಿಗೆ 90ಕ್ಕೆ ಮೀರಿದ ನಾಡಿ, ರಕ್ತಹೀನತೆ ಮತ್ತು 30 ಮಿಲಿಮೀಟರಿಗೆ ಮೀರಿದ ಇ.ಎಸ್.ಆರ್. ಎಪ್ಪತ್ತು ವರ್ಷ ಸಂದರೂ ಈ ಪಟ್ಟಿ ವೈದ್ಯರ ಕೈಬಿಟ್ಟಿಲ್ಲ. ಆದರೆ ಇ.ಎಸ್.ಆರ್. ಸ್ವಲ್ಪ ಚಾಡಿಕೋರ. ವಯಸ್ಸಾದಂತೆ ಏರುತ್ತದೆ, ಬಸುರಿನಲ್ಲಿ ಏರುತ್ತದೆ, ಬರಿಯ ರಕ್ತಹೀನತೆಯಿಂದಲೂ ಏರುತ್ತದೆ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟು ಸಾಮಾನ್ಯವೆಂಬುದನ್ನು ನೆನೆದರೆ, ಆ ಒಂದು ಅಂಕಿಯನ್ನು ನಂಬಿ ಯಾವ ತೀರ್ಮಾನಕ್ಕೂ ಬರಬಾರದೆಂಬುದು ಸ್ಪಷ್ಟವಾಗುತ್ತದೆ. ಮೇಲಾಗಿ ಅದು ನಿಧಾನಿ. ಉರಿ ಆರಿದ ಮೇಲೂ ಕೆಳಗಿಳಿಯಲು ವಾರಗಳೇ ಬೇಕು.

ಎರಡನೆಯ ಸಾಕ್ಷಿ ಹೆಚ್ಚು ಚುರುಕಿನದು. ಸಿ-ರಿಯಾಕ್ಟಿವ್ ಪ್ರೋಟೀನ್, ಅಂದರೆ ಸಿ.ಆರ್.ಪಿ. ಕೊರೋನಾ ಕಾಲದಿಂದೀಚೆಗೆ ಈ ಮೂರು ಅಕ್ಷರಗಳು ಹಳ್ಳಿಯವರಿಗೂ ಪರಿಚಿತವಾಗಿವೆ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲ್ಲೆಟ್ ಮತ್ತು ಫ್ರಾನ್ಸಿಸ್ ಎಂಬ ಇಬ್ಬರು, ನ್ಯುಮೋನಿಯಾ ರೋಗಿಗಳ ರಕ್ತಸಾರವು ಆ ರೋಗಾಣುವಿನ ‘ಸಿ’ ಎಂಬ ಅಂಶದೊಡನೆ ಸೇರಿ ಗಸಿಗಟ್ಟುವುದನ್ನು ಕಂಡರು. ಹೆಸರು ಅಲ್ಲಿಂದ ಬಂತು. ಆರೋಗ್ಯವಂತರಲ್ಲಿ ಇದು ಲೀಟರಿಗೆ ಸಾಮಾನ್ಯವಾಗಿ 5 ಮಿಲಿಗ್ರಾಮಿನೊಳಗೆ ಇರುತ್ತದೆ. ಉರಿಯೂತ ಆರಂಭವಾದ ಕೆಲವೇ ಗಂಟೆಗಳಲ್ಲಿ ಏರತೊಡಗಿ, ಸುಮಾರು ಎರಡು ದಿನಗಳಲ್ಲಿ ಶಿಖರ ಮುಟ್ಟುತ್ತದೆ. ನೂರನ್ನು ದಾಟುವುದೂ ಉಂಟು. ರಕ್ತದಲ್ಲಿರುವ ಸಿ.ಆರ್.ಪಿ.ಯಲ್ಲಿ ಅರ್ಧದಷ್ಟು ಸುಮಾರು 19 ಗಂಟೆಗಳಲ್ಲಿ ಕರಗಿಹೋಗುತ್ತದೆ. ಈ ಕಾಲಾವಧಿ ಆರೋಗ್ಯದಲ್ಲಿಯೂ ರೋಗದಲ್ಲಿಯೂ ಬದಲಾಗುವುದಿಲ್ಲ. ಆದುದರಿಂದ ರಕ್ತದಲ್ಲಿ ಅದು ಎಷ್ಟಿದೆಯೆಂಬುದು, ಯಕೃತ್ತು ಈಗ ಎಷ್ಟು ತಯಾರಿಸುತ್ತಿದೆ ಎಂಬುದನ್ನೇ ಹೇಳುತ್ತದೆ. ನಿನ್ನೆ ಮೊನ್ನೆಯ ಸುದ್ದಿಯನ್ನು ತರುವ ಸಾಕ್ಷಿ ಇದು.

ಅಲ್ಬುಮಿನ್ ಇದಕ್ಕೆ ವಿರುದ್ಧವಾದ ಸ್ವಭಾವದ್ದು. ಅದರ ಅರ್ಧಾಯುಷ್ಯ ಸುಮಾರು 20 ದಿನ. ಉರಿಯೂತದಲ್ಲಿ ತಯಾರಿಕೆಯೂ ಕಡಮೆ, ಹುಣ್ಣಾದ ಕರುಳಿನಿಂದ ಸೋರಿಹೋಗುವುದೂ ಉಂಟು. ಹೀಗಾಗಿ 100 ಮಿಲಿಲೀಟರಿಗೆ ಮೂರೂವರೆ ಗ್ರಾಮಿಗಿಂತ ಕೆಳಗಿಳಿಯುತ್ತದೆ. ಅದು ಇಳಿದಿದ್ದರೆ ರೋಗ ನಿನ್ನೆಯದಲ್ಲ, ವಾರಗಳದು ಎಂದು ತಿಳಿಯಬೇಕು. ಪ್ಲೇಟ್‌ಲೆಟ್‌ಗಳ ವಿಷಯ ಹೇಳುವುದಾದರೆ, ಡೆಂಗಿ ಜ್ವರದಲ್ಲಿ ಅವು ಇಳಿದುವೆಂದು ಹೆದರುವುದು ನಮಗೆ ಅಭ್ಯಾಸ. ಕರುಳಿನ ಉರಿಯೂತದಲ್ಲಿ ಅವು ಏರುತ್ತವೆ, ನಾಲ್ಕೂವರೆ ಲಕ್ಷದ ಗಡಿಯನ್ನು ದಾಟುವುದುಂಟು.

ಹಿಮೋಗ್ಲೋಬಿನ್ನಿನ ಕಥೆ ಸ್ವಲ್ಪ ತೊಡಕಿನದು. ರಕ್ತ ಸೋರಿಹೋಗುವುದರಿಂದ ಕಬ್ಬಿಣದ ಅಂಶ ಕಳೆದುಹೋಗಿ ಅದು ಇಳಿಯುತ್ತದೆ. ಅದಲ್ಲದೆ ಉರಿಯೂತದ ಕಾಲದಲ್ಲಿ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೊರಡಿಸಿ, ಇದ್ದ ಕಬ್ಬಿಣಕ್ಕೂ ಬೀಗ ಹಾಕುತ್ತದೆ. ಹಗೇವಿನಲ್ಲಿ ಜೋಳವಿದ್ದೂ ಒಲೆಯ ಮೇಲೆ ಹಿಟ್ಟಿಲ್ಲದಂಥ ಸ್ಥಿತಿ ಇದು. ಕಬ್ಬಿಣದ ದಾಸ್ತಾನನ್ನು ತೋರುವ ಫೆರಿಟಿನ್ ಎಂಬ ಅಂಕಿಯಾದರೂ ನೇರವಾಗಿ ಮಾತನಾಡುವುದೆ? ಅದೂ ಇಲ್ಲ, ಉರಿಯೂತದಲ್ಲಿ ಅದು ಸುಳ್ಳಾಗಿ ಏರಿಕೊಳ್ಳುತ್ತದೆ. ಆದುದರಿಂದ ಉರಿ ಇಲ್ಲದವನಲ್ಲಿ ಫೆರಿಟಿನ್ 30ಕ್ಕಿಂತ ಕೆಳಗಿದ್ದರೆ ಕಬ್ಬಿಣದ ಕೊರತೆಯೆನ್ನುವ ವೈದ್ಯರು, ಉರಿ ಇರುವವನಲ್ಲಿ 100ರವರೆಗೂ ಕೊರತೆಯನ್ನು ಶಂಕಿಸುತ್ತಾರೆ. ಒಂದೇ ಅಂಕಿಗೆ ಎರಡು ಸಂದರ್ಭಗಳಲ್ಲಿ ಎರಡು ಅರ್ಥ. ಸಾಹಿತ್ಯವನ್ನು ಓದುವವರಿಗೆ ಇದು ಹೊಸ ಸಂಗತಿಯಲ್ಲ.

ಇಷ್ಟು ಸಾಕ್ಷಿಗಳಿದ್ದು ಪ್ರತಿಯೊಂದಕ್ಕೂ ಒಂದೊಂದು ಊನವಿರುವಾಗ ಸತ್ಯವನ್ನು ಹಿಡಿಯುವುದು ಹೇಗೆ? ಇದಕ್ಕೆ ಮೊಳಕಾಲ್ಮೂರು ತಾಲ್ಲೂಕಿನಲ್ಲಿಯೇ ಒಂದು ಒಳ್ಳೆಯ ನಿದರ್ಶನವಿದೆ. ಬ್ರಹ್ಮಗಿರಿ, ಸಿದ್ಧಾಪುರ, ಜಟಿಂಗ ರಾಮೇಶ್ವರ ಈ ಮೂರು ನೆರೆಹೊರೆಯ ಸ್ಥಳಗಳಲ್ಲಿ ಅಶೋಕನ ಬಂಡೆ ಶಾಸನಗಳಿವೆ. 1892ರಲ್ಲಿ ಬಿ. ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಮೂರರಲ್ಲಿಯೂ ಇರುವುದು ಬಹುಮಟ್ಟಿಗೆ ಒಂದೇ ಪಾಠ. ಆದರೆ ಗಾಳಿ ಮಳೆಗಳಿಗೆ ಸಿಕ್ಕಿ ಅಕ್ಷರಗಳು ಅಲ್ಲಲ್ಲಿ ಸವೆದಿವೆ. ಜಟಿಂಗ ರಾಮೇಶ್ವರದ್ದಂತೂ ಬಹಳ ನಷ್ಟವಾಗಿದೆ. ಒಂದು ಬಂಡೆಯಲ್ಲಿ ಅಳಿಸಿಹೋದ ಅಕ್ಷರವನ್ನು ಇನ್ನೊಂದರ ನೆರವಿನಿಂದ ತುಂಬಿಕೊಂಡು ವಿದ್ವಾಂಸರು ಪಾಠವನ್ನು ನಿಶ್ಚಯಿಸಿದರು. ರಕ್ತದ ಅಂಕಿಗಳನ್ನು ಓದುವ ಕ್ರಮವೂ ಇದೇ. ಸಿ.ಆರ್.ಪಿ. ಏರಿ, ಅಲ್ಬುಮಿನ್ ಇಳಿದು, ಪ್ಲೇಟ್‌ಲೆಟ್ ಹೆಚ್ಚಿ, ಹಿಮೋಗ್ಲೋಬಿನ್ ಕುಗ್ಗಿ, ರೋಗಿಯೂ ಹೊಟ್ಟೆನೋವೆಂದರೆ ಪಾಠ ಸ್ಪಷ್ಟ. ಒಂದು ಮಾತ್ರ ಬೇರೆಯ ದನಿಯಲ್ಲಿ ಮಾತನಾಡಿದರೆ, ಅಕ್ಷರ ಸವೆದಿದೆಯೆ ಎಂದು ವಿಚಾರಿಸಬೇಕು.

ಊನಗಳನ್ನೂ ಬಿಚ್ಚಿ ಹೇಳುವುದು ಅಗತ್ಯ. ಮೊದಲನೆಯದಾಗಿ, ಸಿ.ಆರ್.ಪಿ. ಕ್ರೋನ್ಸ್ ಕಾಯಿಲೆಯಲ್ಲಿ ಏರುವಷ್ಟು ಅಲ್ಸರೇಟಿವ್ ಕೊಲೈಟಿಸಿನಲ್ಲಿ ಏರುವುದಿಲ್ಲ; ಒಳಪದರದ ಹುಣ್ಣು ಸಾಕಷ್ಟಿದ್ದರೂ ಅಂಕಿ ಸಾಮಾನ್ಯವಾಗಿರಬಹುದು. ಕ್ರೋನ್ಸ್ ಕಾಯಿಲೆಯಲ್ಲಿಯೂ ಕೆಲವರ ಯಕೃತ್ತು ಹುಟ್ಟಿನಿಂದಲೇ ಇದನ್ನು ತಯಾರಿಸುವುದರಲ್ಲಿ ಜಿಪುಣ. ಅಂಥವರಲ್ಲಿ ‘ನಾರ್ಮಲ್’ ಎಂಬ ಶಬ್ದ ಸಮಾಧಾನಕ್ಕೆ ಕಾರಣವಾಗಬಾರದು. ಎರಡನೆಯದಾಗಿ, ರಕ್ತವು ಮನೆಯಲ್ಲಿ ಬೆಂಕಿ ಬಿದ್ದಿದೆ ಎನ್ನುತ್ತದೆಯೇ ಹೊರತು ಯಾವ ಕೋಣೆಯಲ್ಲೆಂದು ಹೇಳುವುದಿಲ್ಲ. ಹಲ್ಲಿನ ಕೀವು, ನೆಗಡಿ ಜ್ವರ, ಮೂತ್ರದ ಸೋಂಕು ಯಾವುದರಿಂದಲಾದರೂ ಅಂಕಿ ಏರೀತು. ಈ ಕಾರಣದಿಂದಲೇ, ಕರುಳಿಗೆ ಇನ್ನೂ ಹತ್ತಿರದ ಸಾಕ್ಷಿಯೆಂದು ಮಲದಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ ಎಂಬುದನ್ನು ಅಳೆಯುತ್ತಾರೆ. ಅದು ಕರುಳಿನೊಳಕ್ಕೆ ನುಗ್ಗಿದ ಬಿಳಿಯ ಕಣಗಳಿಂದಲೇ ಬರುವ ವಸ್ತು. ಮಾದರಿಯನ್ನು ಸಾಮಾನ್ಯವಾಗಿ ದೊಡ್ಡ ಊರಿಗೆ ಕಳುಹಿಸಬೇಕು, ವೆಚ್ಚವೂ ಹೆಚ್ಚು. ಸಾಧ್ಯವಿರುವವರು ಮಾಡಿಸುವುದು ಒಳ್ಳೆಯದು.

ಮೂರನೆಯ ಊನ ನಮ್ಮ ದೇಶದಲ್ಲಿ ಪ್ರಾಣಕ್ಕೇ ಸಂಬಂಧಿಸಿದ್ದು. ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯೂ ಅವಳಿಗಳಂತೆ ಕಾಣುತ್ತವೆ. ಎರಡೂ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗವನ್ನೇ ಬಯಸುತ್ತವೆ. ಎರಡರಲ್ಲಿಯೂ ಸಿ.ಆರ್.ಪಿ. ಏರುತ್ತದೆ, ತೂಕ ಇಳಿಯುತ್ತದೆ. ಕ್ರೋನ್ಸ್ ಎಂದು ಬಗೆದು ಸ್ಟೀರಾಯ್ಡ್ ಕೊಟ್ಟರೆ, ಇರುವುದು ಕ್ಷಯವಾದಲ್ಲಿ ಅದು ಹಬ್ಬಿಕೊಳ್ಳುತ್ತದೆ. ಕ್ಷಯವೆಂದು ಬಗೆದು ತಿಂಗಳುಗಟ್ಟಲೆ ಆ ಔಷಧಿಯನ್ನೇ ಕೊಟ್ಟರೆ, ಇರುವುದು ಕ್ರೋನ್ಸ್ ಆದಲ್ಲಿ ಕರುಳು ಕಟ್ಟಿಕೊಳ್ಳುವವರೆಗೆ ಕಾಲ ಕಳೆದುಹೋಗುತ್ತದೆ. ಇವೆರಡನ್ನು ಬೇರ್ಪಡಿಸುವುದು ರಕ್ತದಿಂದಾಗದು. ಕೊಲೊನೋಸ್ಕೋಪಿ ಮಾಡಿ ಚೂರು ತೆಗೆದು ಪರೀಕ್ಷಿಸಬೇಕು. ಅಷ್ಟಾಗಿಯೂ ಸಂದೇಹ ಉಳಿದು ಕ್ಷಯದ ಔಷಧಿಯನ್ನೇ ಆರಂಭಿಸಿದಾಗ, ರಕ್ತ ಮತ್ತೆ ಸಹಾಯಕ್ಕೆ ಬರುತ್ತದೆ. ನಿಜವಾಗಿ ಕ್ಷಯವಾಗಿದ್ದರೆ ಮೊದಲ ಕೆಲವು ತಿಂಗಳಲ್ಲಿ ಸಿ.ಆರ್.ಪಿ. ಇಳಿಯಬೇಕು, ಹುಣ್ಣು ಮಾಗಬೇಕು. ರೋಗಿ ಸ್ವಲ್ಪ ಹಗುರವೆಂದರೂ ಅಂಕಿ ಇಳಿಯದಿದ್ದರೆ, ಹಿಡಿದ ದಾರಿಯನ್ನು ಮರುವಿಚಾರ ಮಾಡಬೇಕು.

ಇನ್ನು ನನ್ನ ಮಾತಿನ ಮುಖ್ಯ ಅಂಶಕ್ಕೆ ಬರುತ್ತೇನೆ. ಒಂದು ದಿನದ ಒಂದು ಅಂಕಿ ಹೇಳುವುದು ಸ್ವಲ್ಪ. ಒಬ್ಬನದೇ ರಕ್ತದ ಅಂಕಿಗಳನ್ನು ಸಾಲಾಗಿ ಇಟ್ಟರೆ ಅವು ಹೇಳುವುದು ಬಹಳ. ಕ್ರೋನ್ಸ್ ಕಾಯಿಲೆಯ ಒಬ್ಬ ನೇಕಾರನನ್ನು ಊಹಿಸಿಕೊಳ್ಳೋಣ. ಚಿಕಿತ್ಸೆಯ ಆರಂಭದಲ್ಲಿ ಅವನ ಸಿ.ಆರ್.ಪಿ. 48, ಅಲ್ಬುಮಿನ್ 2.8. ಎರಡು ತಿಂಗಳಿಗೆ ಅವು 12 ಮತ್ತು 3.3, ನಾಲ್ಕು ತಿಂಗಳಿಗೆ 3 ಮತ್ತು 3.9. ಅವನು ಮಗ್ಗಕ್ಕೆ ಹಿಂತಿರುಗಿದ್ದಾನೆ. ಹತ್ತನೆಯ ತಿಂಗಳಲ್ಲಿ ಸಿ.ಆರ್.ಪಿ. 9. ಹೊಟ್ಟೆಯಲ್ಲಿ ತೊಂದರೆಯಿಲ್ಲ. ಬೇರೆಯವನ ಚೀಟಿಯಲ್ಲಿ 9ನ್ನು ಕಂಡರೆ ನಾನು ನೆಗಡಿಯಿರಬಹುದೆಂದು ಸುಮ್ಮನಾದೇನು. ಆದರೆ ಮೂರರಲ್ಲಿ ನಿಂತಿದ್ದವನು ಒಂಬತ್ತಕ್ಕೆ ಬಂದುದು ಒಂದು ಸೂಚನೆ. ಜ್ವರ, ಹಲ್ಲುನೋವುಗಳನ್ನು ವಿಚಾರಿಸಿ, ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ ನೋಡುತ್ತೇನೆ. ಆಗ 22 ಆಗಿದ್ದರೆ, ಅವನಿಗೆ ನೋವು ಬರುವ ಮೊದಲೇ ಬಳ್ಳಾರಿಯ ಬಸ್ಸು ಹತ್ತಿಸಬೇಕು. 4ಕ್ಕೆ ಇಳಿದಿದ್ದರೆ ಅವನ ಮೂರು ದಿನದ ಕೂಲಿ ಉಳಿಯಿತು.

ಲಕ್ಷಣಗಳನ್ನಷ್ಟೇ ನೋಡದೆ ಅಂಕಿಗಳನ್ನೂ ನೋಡಿ ಔಷಧಿಯನ್ನು ಬದಲಾಯಿಸುವುದರಿಂದ ನಿಜವಾಗಿ ಪ್ರಯೋಜನವಿದೆಯೆ? 22 ದೇಶಗಳ 244 ಕ್ರೋನ್ಸ್ ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದ ಪ್ರಯೋಗವೊಂದು 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಗುಂಪಿನಲ್ಲಿ ಮುಖ್ಯವಾಗಿ ರೋಗಿಯ ಲಕ್ಷಣಗಳನ್ನು ಕೇಳಿ ಔಷಧಿಯನ್ನು ಹೆಚ್ಚಿಸಿದರು. ಇನ್ನೊಂದರಲ್ಲಿ ಅದರೊಡನೆ ಸಿ.ಆರ್.ಪಿ. ಮತ್ತು ಮಲದ ಕ್ಯಾಲ್‌ಪ್ರೊಟೆಕ್ಟಿನ್ ಎರಡನ್ನೂ ಅಳೆದು, ಅವು ಗೆರೆ ದಾಟಿದಾಗಲೂ ಹೆಚ್ಚಿಸಿದರು. 48 ವಾರಗಳ ಬಳಿಕ ಒಳಗೆ ನೋಡಿದಾಗ, ಮೊದಲ ಗುಂಪಿನಲ್ಲಿ ನೂರಕ್ಕೆ 30 ಮಂದಿಯ ಕರುಳು ಮಾಗಿತ್ತು, ಎರಡನೆಯದರಲ್ಲಿ ನೂರಕ್ಕೆ 46 ಮಂದಿಯದು. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಇನ್ನೂ ಮಾಗಿರಲಿಲ್ಲವೆಂಬುದನ್ನೂ ಮರೆಯಬಾರದು. ಆದರೆ ವ್ಯತ್ಯಾಸ ಸಣ್ಣದಲ್ಲ.

“ರಿಪೋರ್ಟು ನಾರ್ಮಲ್ ಬಂದೈತಲ್ಲ ಡಾಕ್ಟ್ರೆ, ಗುಳಿಗೆ ಬಿಡ್ಲಾ?” ಎಂದು ನನ್ನನ್ನು ಕೇಳದ ರೋಗಿ ವಿರಳ. ಪ್ರಶ್ನೆ ನ್ಯಾಯವಾದದ್ದೇ. ಗುಳಿಗೆಗೆ ಹಣ ಬೇಕು. ಗುಣವಾದಂತೆ ತೋರಿದ ಮೇಲೆ ಹಣ ಸುರಿಯಲು ಯಾರಿಗೂ ಮನಸ್ಸು ಬಾರದು. ಆದರೆ ಅಂಕಿ ನಾರ್ಮಲ್ ಆದುದು ಗುಳಿಗೆಯ ದೆಸೆಯಿಂದ. ಕಟ್ಟೆ ಗಟ್ಟಿಯಾಗಿ ನಿಂತಿದೆಯೆಂದು ಕಟ್ಟೆಯನ್ನೇ ಕೀಳುವವರುಂಟೆ? ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ಬೇನೆ ಮರುಕಳಿಸಿದಾಗ ಹಳೆಯ ಚೀಟಿ ತೋರಿಸಿ ಅಂಗಡಿಯಿಂದ ತಾವೇ ಸ್ಟೀರಾಯ್ಡ್ ತಂದು ನುಂಗುವವರಿದ್ದಾರೆ. ಅದು ಸಿ.ಆರ್.ಪಿ.ಯನ್ನೂ ನೋವನ್ನೂ ಬೇಗ ಇಳಿಸುತ್ತದೆ. ಸಾಕ್ಷಿಯ ಬಾಯಿ ಮುಚ್ಚಿಸುತ್ತದೆ. ಮೂಳೆ ಸವೆದು, ಸಕ್ಕರೆ ಏರಿ, ಮುಖ ಊದಿಕೊಳ್ಳುವುದು ಆಮೇಲಿನ ಕಥೆ.

ಆದುದರಿಂದ ನಾನು ಕೇಳಿಕೊಳ್ಳುವುದು ಇಷ್ಟು. ನಿಮ್ಮ ಮನೆಯಲ್ಲಿ ಈ ವ್ಯಾಧಿಯವರಿದ್ದರೆ ಪ್ರಯೋಗಶಾಲೆಯ ಚೀಟಿಗಳನ್ನು ಎಸೆಯಬೇಡಿ; ಜಮೀನಿನ ಪಹಣಿಯನ್ನು ಇಡುವ ಪೆಟ್ಟಿಗೆಯಲ್ಲಿಯೇ ತಾರೀಖಿನ ಕ್ರಮದಲ್ಲಿ ಇಡಿ. ಸಾಧ್ಯವಾದ ಮಟ್ಟಿಗೆ ಒಂದೇ ಪ್ರಯೋಗಶಾಲೆಯಲ್ಲಿ ಮಾಡಿಸಿ. ಅಳತೆಯ ಮಾನ ಬದಲಾದರೆ ಸಾಲು ಕೆಡುತ್ತದೆ, ಮಿಲಿಗ್ರಾಮ್ ಲೀಟರಿಗೋ ಡೆಸಿಲೀಟರಿಗೋ ಎಂಬುದನ್ನು ಗಮನಿಸಿ. ಪರೀಕ್ಷೆಯ ದಿನ ನೆಗಡಿ, ಜ್ವರ ಇದ್ದಿತೆ ಎಂದು ಚೀಟಿಯ ಬೆನ್ನ ಮೇಲೆ ಬರೆದಿಡಿ. ವೈದ್ಯರು ಬದಲಾದರೂ ಊರು ಬದಲಾದರೂ ಆ ಕಟ್ಟು ನಿಮ್ಮೊಡನೆ ಬರಲಿ. ಎಲ್ಲಕ್ಕೂ ಮೊದಲು, ತಿಂಗಳು ಮೀರಿದ ಭೇದಿಯನ್ನೂ ಮಲದಲ್ಲಿ ಬೀಳುವ ರಕ್ತವನ್ನೂ ನಾಚಿಕೆಯಿಂದ ಮುಚ್ಚಿಡಬೇಡಿ. ಮನೆಯ ಹೆಂಗಸರು ಮುಚ್ಚಿಟ್ಟಿರಬಹುದೆಂದು ತೋರಿದರೆ ನೀವಾಗಿಯೇ ಕೇಳಿ. ರಕ್ತದ ಯಾವ ಅಂಕಿಯೂ, ತಾಲ್ಲೂಕು ಆಸ್ಪತ್ರೆಯ ಬಾಗಿಲಿಗೆ ಬಾರದವರ ವಿಷಯವಾಗಿ ಏನನ್ನೂ ಹೇಳಲಾರದು.